ಬಿ.ಎಡ್ ಆಗಿದೆ, ವಿಶೇಷ ಮಕ್ಕಳ ಟೀಚರ್ ಆಗಬೇಕು: ಇನ್ನೇನು ಓದಬೇಕು?

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಬಿ.ಎ., ಬಿ.ಎಡ್ ಆಗಿದೆ. ಅರಸೀಕೆರೆ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಮೂರನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದಾನೆ. ಮಾತಾಡುವುದಿಲ್ಲ. ಗಂಟೆ ಹೊಡೆದರೆ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಹೋಗುತ್ತಾನೆ. ಅವನ ಜೊತೆ ಕೂತರೆ ನನಗೆ ಸಮಯ ಹೋಗಿದ್ದೇ ಗೊತ್ತಾಗುವುದಿಲ್ಲ. ಇಂಥ ಮಕ್ಕಳಿಗೆ ಕಲಿಸುವ ಕೆಲಸಕ್ಕೇ ಹೋಗೋಣ ಅನ್ನಿಸಿದೆ. ಮೂರು ತಿಂಗಳ ಆನ್‌ಲೈನ್ ಡಿಪ್ಲೊಮಾ ಮಾಡಿದರೆ ಕೆಲಸ ಗ್ಯಾರಂಟಿ ಎಂದು ಮೊಬೈಲಿನಲ್ಲಿ ಜಾಹೀರಾತು ಬರುತ್ತಿದೆ. ಅದು ಸಾಕಾ? ಬಿ.ಎಡ್ ಇದ್ದರೂ ಮತ್ತೆ ಎರಡು ವರ್ಷ ಓದಬೇಕಾ? ಈ ಕೆಲಸದಲ್ಲಿ ಜೀವನ ನಡೆಯುತ್ತದಾ? ನನಗೆ ತಾಳ್ಮೆ ಜಾಸ್ತಿ ಎಂದು ಎಲ್ಲರೂ ಹೇಳುತ್ತಾರೆ.

ಉತ್ತರ: ಮೊದಲು ಆ ಮೂರು ತಿಂಗಳ ಕೋರ್ಸಿನ ವಿಷಯ ಮುಗಿಸಿಬಿಡೋಣ. ದುಡ್ಡು ಕಟ್ಟಬೇಡಿ. ಕಟ್ಟುವ ಮುಂಚೆ ಅವರಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಈ ಕೋರ್ಸ್ ಮುಗಿದ ಮೇಲೆ ನನಗೆ ಸಿಆರ್‌ಆರ್ ನಂಬರ್ ಸಿಗುತ್ತದಾ?" ಅವರು ಸರ್ಟಿಫಿಕೇಟು, ಐಎಸ್‌ಒ, ಅಂತರರಾಷ್ಟ್ರೀಯ ಮಾನ್ಯತೆ ಎಂದು ಸುತ್ತಿ ಬಳಸಿ ಮಾತಾಡಲು ಶುರು ಮಾಡಿದರೆ ಫೋನ್ ಇಟ್ಟುಬಿಡಿ.

ಸಿಆರ್‌ಆರ್ ಅಂದರೆ ಸೆಂಟ್ರಲ್ ರಿಹ್ಯಾಬಿಲಿಟೇಶನ್ ರಿಜಿಸ್ಟರ್. ವೈದ್ಯರಿಗೆ ಮೆಡಿಕಲ್ ಕೌನ್ಸಿಲ್ ನೋಂದಣಿ ಹೇಗೋ, ವಿಶೇಷ ಶಿಕ್ಷಕರಿಗೆ ಇದು ಹಾಗೆ. ಇದನ್ನು ಇಟ್ಟುಕೊಂಡಿರುವುದು ಭಾರತೀಯ ಪುನರ್ವಸತಿ ಮಂಡಳಿ. ನಮ್ಮ ಬಾಯಲ್ಲಿ ಅದು ಆರ್‌ಸಿಐ. 1992ರ ಕಾಯ್ದೆಯಿಂದ ಬಂದ ಸಂಸ್ಥೆ. ಆ ಕಾಯ್ದೆಯ ಪ್ರಕಾರ ಈ ರಿಜಿಸ್ಟರಿನಲ್ಲಿ ಹೆಸರಿಲ್ಲದವರು ಪುನರ್ವಸತಿ ವೃತ್ತಿಪರರಾಗಿ ಕೆಲಸ ಮಾಡುವ ಹಾಗಿಲ್ಲ. ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಊರಿನಲ್ಲಿ ಯಾರೂ ಬಂದು ಹಿಡಿಯುವುದಿಲ್ಲ, ನಿಜ. ಆದರೆ ನಾಳೆ ಸರ್ಕಾರಿ ಹುದ್ದೆಗೆ ಅರ್ಜಿ ಕರೆದಾಗ ಆ ನಂಬರಿನ ಕಾಲಂ ಖಾಲಿ ಬಿಡಬೇಕಾಗುತ್ತದೆ. ಅಲ್ಲಿಗೆ ಮುಗಿಯಿತು.

ನಿಮ್ಮ ಬಿ.ಎಡ್‌ಗೂ ಈ ನಂಬರ್ ಬರುವುದಿಲ್ಲ. ಬೇಸರದ ಸಂಗತಿ, ಆದರೆ ಈಗಲೇ ಗೊತ್ತಾಗುವುದು ಒಳ್ಳೆಯದು. ಸಾಮಾನ್ಯ ಬಿ.ಎಡ್‌ಗೆ ಮಾನ್ಯತೆ ಕೊಡುವುದು ಎನ್‌ಸಿಟಿಇ, ಅಂದರೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ. ವಿಶೇಷ ಶಿಕ್ಷಣದ ಕೋರ್ಸುಗಳಿಗೆ ಆರ್‌ಸಿಐ ಒಪ್ಪಿಗೆ ಬೇಕು. ಎರಡೂ ಬೇರೆ ಬೇರೆ ಮನೆ. ಹಾಗಾಗಿ, ಹೌದು, ಇನ್ನೂ ಎರಡು ವರ್ಷ ಓದಬೇಕು.

ಯಾವುದನ್ನು ಓದಬೇಕು? ನಿಮ್ಮ ಮುಂದೆ ಮುಖ್ಯವಾಗಿ ಎರಡು ದಾರಿ ಇವೆ. ಒಂದು, ಡಿ.ಎಡ್ ವಿಶೇಷ ಶಿಕ್ಷಣ. ಪಿಯುಸಿಯಲ್ಲಿ 50% ಇದ್ದರೆ ಸೇರಬಹುದು, ಎರಡು ವರ್ಷ. ಇನ್ನೊಂದು, ಪದವಿ ಆದವರಿಗೆ ಬಿ.ಎಡ್ ವಿಶೇಷ ಶಿಕ್ಷಣ. ಅದೂ ಎರಡು ವರ್ಷದ್ದೇ ಆಗಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ ಪಿಯುಸಿಯಿಂದಲೇ ನೇರವಾಗಿ ಸೇರುವ ನಾಲ್ಕು ವರ್ಷದ ಕೋರ್ಸಿನ ಕಡೆಗೆ ಇದನ್ನು ತಿರುಗಿಸುತ್ತಿದ್ದಾರೆ. ಹಾಗಾಗಿ ಹಿಂದಿನ ವರ್ಷ ಓದಿದವರ ಮಾತು ಕೇಳಿ ಅರ್ಜಿ ಹಾಕಬೇಡಿ. ಆರ್‌ಸಿಐ ವೆಬ್‌ಸೈಟಿನಲ್ಲಿ ರಾಜ್ಯವಾರು ಪಟ್ಟಿ ಇದೆ. ಯಾವ ಸಂಸ್ಥೆ, ಯಾವ ಕೋರ್ಸ್, ಯಾವ ವರ್ಷದವರೆಗೆ ಅನುಮತಿ ಎಂದು ಅಲ್ಲೇ ನೋಡಿಕೊಳ್ಳಿ. ಸಂಸ್ಥೆಯ ಗೋಡೆಗೆ ಹಾಕಿದ ಫ್ರೇಮು ಹಳೆಯದಾಗಿರಬಹುದು.

ಪದವಿ ಇರುವವರು ಡಿ.ಎಡ್‌ಗೆ ಹೋದರೆ ಕೆಳಗಿಳಿದ ಹಾಗೆ ಎಂದು ಮನೆಯವರು ಅನ್ನುತ್ತಾರೆ. ನಾನು ಹಾಗೆ ಅಂದುಕೊಳ್ಳುವುದಿಲ್ಲ. ಚಿಕ್ಕ ಮಕ್ಕಳ ಜೊತೆ ನೆಲದ ಮೇಲೆ ಕೂತು ಮಾಡುವ ಕೆಲಸ ಡಿ.ಎಡ್‌ನಲ್ಲಿ ಚೆನ್ನಾಗಿ ಕೈಗೆ ಹತ್ತುತ್ತದೆ. ಹೈಸ್ಕೂಲು ಮಟ್ಟದ ಹುದ್ದೆ, ಮುಂದೆ ಎಂ.ಎಡ್, ತರಬೇತಿ ಕೊಡುವ ಕೆಲಸ ಇವು ಮನಸ್ಸಿನಲ್ಲಿದ್ದರೆ ಬಿ.ಎಡ್ ಒಳ್ಳೆಯದು. ನೀವು ಬರೆದದ್ದು ನೋಡಿದರೆ ನಿಮ್ಮ ಕಣ್ಣು ಚಿಕ್ಕ ಮಕ್ಕಳ ಮೇಲಿದೆ.

ಸ್ಪೀಚ್ ಥೆರಪಿಸ್ಟ್ ಆಗಬಹುದಾ ಎಂದೂ ಎಷ್ಟೋ ಜನ ಕೇಳುತ್ತಾರೆ. ಅದು ಬಿಎಎಸ್‌ಎಲ್‌ಪಿ ಎಂಬ ನಾಲ್ಕು ವರ್ಷದ ಪದವಿ, ಪಿಯುಸಿ ವಿಜ್ಞಾನ ಬೇಕು. ಊಟ, ಬಟ್ಟೆ, ಬರವಣಿಗೆಯಂಥ ದಿನನಿತ್ಯದ ಕೆಲಸಗಳಿಗೆ ಮಗುವನ್ನು ತಯಾರು ಮಾಡುವ ಆಕ್ಯುಪೇಶನಲ್ ಥೆರಪಿಯೂ ಹಾಗೇ, ಬೇರೆಯದೇ ಪದವಿ. ವಿಶೇಷ ಶಿಕ್ಷಕಿ ಇವರಿಬ್ಬರ ಕೆಲಸ ಮಾಡಲು ಹೋಗಬಾರದು. ಅವರು ಹೇಳಿಕೊಟ್ಟದ್ದನ್ನು ತರಗತಿಯಲ್ಲಿ ದಿನಾ ಮುಂದುವರಿಸುವವಳು ಮಾತ್ರ ಇವಳೇ.

ಈಗ ಸ್ವಲ್ಪ ನಿಧಾನವಾಗಿ ಯೋಚಿಸಬೇಕಾದ ವಿಷಯ. "ವಿಶೇಷ ಶಿಕ್ಷಣ" ಎಂಬ ಒಂದೇ ಕೋರ್ಸ್ ಇಲ್ಲ. ಸೇರುವಾಗಲೇ ಒಂದು ವಿಭಾಗ ಆರಿಸಿಕೊಳ್ಳಬೇಕು. ಶ್ರವಣದೋಷ, ದೃಷ್ಟಿದೋಷ, ಬೌದ್ಧಿಕ ಹಾಗೂ ಬೆಳವಣಿಗೆಯ ತೊಂದರೆ, ಕಲಿಕಾ ನ್ಯೂನತೆ ಹೀಗೆ. ಹೆಚ್ಚಿನವರು ಊರಿಗೆ ಹತ್ತಿರದ ಕಾಲೇಜಿನಲ್ಲಿ ಏನು ಸಿಗುತ್ತದೋ ಅದಕ್ಕೆ ಸೇರಿಬಿಡುತ್ತಾರೆ. ಇದು ಮುಂದಿನ ಮೂವತ್ತು ವರ್ಷದ ಕೆಲಸ ಎಂಬುದು ಆಗ ತಲೆಯಲ್ಲಿ ಇರುವುದಿಲ್ಲ.

ಶ್ರವಣದೋಷದ ವಿಭಾಗ ತೆಗೆದುಕೊಂಡರೆ ಭಾಷೆಯೇ ನಿಮ್ಮ ದಿನವಿಡೀ ಕೆಲಸ. ಹಿಯರಿಂಗ್ ಏಡ್ ಸರಿ ಇದೆಯಾ ಎಂದು ಬೆಳಿಗ್ಗೆ ನೋಡುವುದರಿಂದ ಶುರು. ಸಂಜ್ಞಾ ಭಾಷೆಯನ್ನೂ ಕಲಿಯಬೇಕು. ನಮ್ಮ ರಾಜ್ಯದವರಿಗೆ ಇದರಲ್ಲಿ ಒಂದು ಅನುಕೂಲ ಇದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ನಮ್ಮೆಲ್ಲರ ಆಯಿಶ್, 1965ರಿಂದ ಇದೆ. ಶ್ರವಣದೋಷದ ವಿಶೇಷ ಬಿ.ಎಡ್ ಪಾಠವೂ ಅಲ್ಲಿ ನಡೆದಿದೆ, ಮಕ್ಕಳ ಪರೀಕ್ಷೆಯೂ ನಡೆಯುತ್ತದೆ. ಓದುವವರು ಪಾಠಕ್ಕೂ ಮಕ್ಕಳಿಗೂ ನಡುವೆ ಬಸ್ಸು ಹತ್ತಬೇಕಾಗಿಲ್ಲ.

ದೃಷ್ಟಿದೋಷದ ವಿಭಾಗದಲ್ಲಿ ಬ್ರೈಲ್ ಕಲಿಯುತ್ತೀರಿ. ಆರು ಚುಕ್ಕಿಗಳಲ್ಲಿ ಕನ್ನಡದ ಇಡೀ ವರ್ಣಮಾಲೆ ಕೂರುತ್ತದೆ, ಭಾರತಿ ಬ್ರೈಲ್ ಎಂದು ಹೆಸರು. ಬೆರಳಿಗಿಂತ ಕಣ್ಣಿನಲ್ಲೇ ಓದುವುದು ನಿಮಗೆ ಸುಲಭ, ಆ ಆಸೆ ಬಿಡಬೇಕು. ಕೋಲು ಹಿಡಿದು ನಡೆಯುವುದನ್ನು ಕಲಿಸಬೇಕಾದರೆ ಮೊದಲು ನೀವೇ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕಾರಿಡಾರಿನಲ್ಲಿ ನಡೆಯಬೇಕು.

ಕಲಿಕಾ ನ್ಯೂನತೆ, ಅಂದರೆ ಓದುವುದರಲ್ಲಿ, ಬರೆಯುವುದರಲ್ಲಿ ಎಡವುವ ಡಿಸ್ಲೆಕ್ಸಿಯಾ ಮುಂತಾದವು, ಪೇಟೆಯಲ್ಲಿ ಬೇಡಿಕೆ ಜಾಸ್ತಿ ಇರುವ ವಿಭಾಗ. ಒಂದು ಮಾತು ಎಚ್ಚರಿಕೆಗೆ. ಓದಲು ಸಿಗುವ ಪುಸ್ತಕಗಳೆಲ್ಲ ಹೆಚ್ಚಾಗಿ ಇಂಗ್ಲಿಷಿನವು. ಬಿ ಅಕ್ಷರ ಡಿ ಆಗುವ ಉದಾಹರಣೆಯೇ ಎಲ್ಲ ಕಡೆ. ಕನ್ನಡ ಓದುವ ಮಗು ಎಡವುವ ಜಾಗಗಳೇ ಬೇರೆ. ಒತ್ತಕ್ಷರ, ದೀರ್ಘ, ಕಾಗುಣಿತ, "ಮ" ಮತ್ತು "ವು". ಮಗು "ಭಾರತ" ಎನ್ನುವುದನ್ನು "ಬಾರತ" ಎಂದು ಬರೆದರೆ ಗಾಬರಿ ಬೇಡ. ನಮ್ಮಲ್ಲಿ ಅರ್ಧ ಜನ ಹಾಗೇ ಮಾತಾಡುತ್ತೇವೆ. ನಾಲ್ಕನೇ ಕ್ಲಾಸಿನ ಮಗು "ಅಕ್ಕ" ಎಂದು ಬಾಯಲ್ಲಿ ಸರಿಯಾಗಿ ಹೇಳಿ, ಬರೆಯುವಾಗ ಪ್ರತಿ ಸಲ "ಅಕ" ಎಂದು ಬರೆದರೆ ಆಗ ಪಕ್ಕದಲ್ಲಿ ಕೂತು ನೋಡಬೇಕು. ಇದನ್ನು ಯಾವ ಇಂಗ್ಲಿಷ್ ಪುಸ್ತಕವೂ ಹೇಳಿಕೊಡುವುದಿಲ್ಲ. ಕನ್ನಡ ಶಾಲೆಯಲ್ಲಿ ಪಾಠ ಮಾಡಿದ ನಿಮಗೆ ಇಲ್ಲಿ ಬಂಡವಾಳ ಇದೆ.

ನೀವು ಹೇಳಿದ ಹುಡುಗನಂಥ ಮಕ್ಕಳು ಬೌದ್ಧಿಕ ಹಾಗೂ ಬೆಳವಣಿಗೆಯ ತೊಂದರೆಯ ವಿಭಾಗದಲ್ಲಿ ಬರಬಹುದು. ಆಟಿಸಂ, ಅಂದರೆ ಮಾತಾಡುವ, ಬೇರೆಯವರ ಜೊತೆ ಬೆರೆಯುವ ರೀತಿಯೇ ಬೇರೆಯಾಗಿರುವ ಸ್ಥಿತಿ, ಇದರೊಳಗೇ ಸೇರುತ್ತದೆ. ನಾನು ಕೆಲಸ ಮಾಡುತ್ತಿರುವುದೂ ಇದರಲ್ಲೇ. ಹಾಗಾಗಿ ಈ ಕೆಲಸದ ಒಳಗುಟ್ಟು ಸ್ವಲ್ಪ ವಿವರವಾಗಿ ಹೇಳುತ್ತೇನೆ. ತಾಳ್ಮೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಒಂದು ಮಗುವಿಗೆ ಎಲಾಸ್ಟಿಕ್ ಚಡ್ಡಿ ಹಾಕಿಕೊಳ್ಳುವುದನ್ನು ಕಲಿಸಬೇಕು ಎಂದಿಟ್ಟುಕೊಳ್ಳಿ. ನಮಗೆ ಅದು ಒಂದು ಕೆಲಸ. ಬಿಡಿಸಿ ಬರೆದರೆ ಎಂಟು ಹತ್ತು ಆಗುತ್ತದೆ. ಚಡ್ಡಿ ಕೈಗೆ ತೆಗೆದುಕೊಳ್ಳುವುದು, ಮುಂದು ಹಿಂದು ನೋಡುವುದು, ಕೂರುವುದು, ಒಂದು ಕಾಲು, ಇನ್ನೊಂದು ಕಾಲು, ಮೊಣಕಾಲವರೆಗೆ ಎಳೆಯುವುದು, ಎದ್ದು ನಿಲ್ಲುವುದು, ಸೊಂಟದವರೆಗೆ ಎಳೆಯುವುದು. ಇದಕ್ಕೆ ಟಾಸ್ಕ್ ಅನಾಲಿಸಿಸ್ ಎನ್ನುತ್ತೇವೆ. ಹೊಸಬರು ಮೊದಲ ಮೆಟ್ಟಿಲಿನಿಂದ ಕಲಿಸಲು ಹೋಗುತ್ತಾರೆ. ಮಗು ಒಂದು ಕಾಲು ಹಾಕುವಷ್ಟರಲ್ಲಿ ಸುಸ್ತಾಗಿ ಅಳುತ್ತದೆ, ಉಳಿದದ್ದನ್ನು ಟೀಚರ್ ಮಾಡುತ್ತಾರೆ. ಮಗುವಿಗೆ ನೆನಪಿನಲ್ಲಿ ಉಳಿಯುವುದು ಅಳು.

ನಾವು ಕೊನೆಯಿಂದ ಶುರು ಮಾಡುತ್ತೇವೆ. ಎಲ್ಲವನ್ನೂ ನೀವೇ ಮಾಡಿ, ಸೊಂಟಕ್ಕೆ ನಾಲ್ಕು ಬೆರಳು ಕೆಳಗೆ ಚಡ್ಡಿಯನ್ನು ತಂದು ನಿಲ್ಲಿಸಿ. ಮಗು ಒಂದು ಸಲ ಮೇಲಕ್ಕೆ ಎಳೆದರೆ ಕೆಲಸ ಮುಗಿಯಿತು. ಮುಗಿಸಿದ್ದು ಮಗು. ಚಪ್ಪಾಳೆ ಅದಕ್ಕೇ. ಅದು ಕೈಗೆ ಬಂದ ಮೇಲೆ ಮೊಣಕಾಲಿನಲ್ಲಿ ನಿಲ್ಲಿಸಿ. ಆಮೇಲೆ ಒಂದು ಕಾಲು ಬಿಟ್ಟು ನಿಲ್ಲಿಸಿ. ಹೀಗೆ ಹಿಂದಕ್ಕೆ ಹಿಂದಕ್ಕೆ ಬರುವುದು. ಪ್ರತಿ ದಿನ ಯಾವ ಮೆಟ್ಟಿಲಿನಲ್ಲಿ ಕೈ ಹಿಡಿದಿರಿ, ಎಲ್ಲಿ ಬಾಯಲ್ಲಿ ಹೇಳಿದರೆ ಸಾಕಾಯಿತು, ಎಲ್ಲಿ ತಾನೇ ಮಾಡಿದ ಎಂದು ಬರೆದಿಡಬೇಕು. ಕೈ ಹಿಡಿದರೆ ಪಿಪಿ, ಬಾಯಲ್ಲಿ ಹೇಳಿದರೆ ವಿಪಿ, ತಾನೇ ಮಾಡಿದರೆ ಐ. ಹತ್ತು ದಿನದ ಹಾಳೆ ನೋಡಿದರೆ ಮಗು ಎಲ್ಲಿ ನಿಂತಿದೆ ಎಂದು ಕಾಣುತ್ತದೆ. ಎಲ್ಲಾ ಕಡೆ ಪಿಪಿ ಇದ್ದರೆ ತಪ್ಪು ಮಗುವಿನದಲ್ಲ, ಮೆಟ್ಟಿಲು ದೊಡ್ಡದಾಗಿದೆ. ಇನ್ನೂ ಚಿಕ್ಕದು ಮಾಡಬೇಕು.

ಈಗ ನೋಡಿ, ಇದರಲ್ಲಿ ತಾಳ್ಮೆ ಎಲ್ಲಿ ಬಂತು? ಮೆಟ್ಟಿಲು ಸರಿಯಾಗಿ ಒಡೆದವರಿಗೆ ತಾಳ್ಮೆಯ ಖರ್ಚು ಕಡಿಮೆ. ತಾಳ್ಮೆಯ ಮೇಲೆಯೇ ನಿಂತವರು ಎರಡು ವರ್ಷದಲ್ಲಿ ಬಿಟ್ಟು ಹೋಗುವುದನ್ನು ನೋಡಿದ್ದೇನೆ. "ನೀವು ದೇವರ ಕೆಲಸ ಮಾಡ್ತಿದೀರ" ಎಂದು ಯಾರಾದರೂ ಅಂದಾಗ ನನಗೆ ಸ್ವಲ್ಪ ಕಿರಿಕಿರಿಯೇ. ಬಡಗಿಗೆ ಹಾಗೆ ಯಾರೂ ಹೇಳುವುದಿಲ್ಲ, ಅಲ್ವಾ? ಇದೂ ಕಲಿತು ಮಾಡುವ ಕಸುಬು. ದೇವರ ಕೆಲಸ ಅಂದ ಕೂಡಲೇ ಸಂಬಳ ಕಡಿಮೆ ಕೊಡಲು ಒಂದು ದಾರಿ ಸಿಗುತ್ತದೆ.

ಕೋರ್ಸಿನಲ್ಲಿ ಕಲಿಸದೇ ಹೋದದ್ದೊಂದನ್ನು ನನಗೆ ಕಲಿಸಿದ್ದು ಒಬ್ಬ ತಾಯಿ. ನನ್ನ ಮೊದಲ ವರ್ಷ. ಒಂಬತ್ತು ವರ್ಷದ ಹುಡುಗ. ಮೂರು ತಿಂಗಳು ಅವನಿಗೆ ಕೆಂಪು, ನೀಲಿ ಗುರುತಿಸುವುದು ಕಲಿಸಿದೆ. ಗ್ಲೇಜ್ ಪೇಪರು, ಥರ್ಮೋಕೋಲು, ಮಿಂಚು ಹಾಕಿದ ಚಾರ್ಟು, ರಾತ್ರಿ ಹನ್ನೊಂದರವರೆಗೆ ಕೂತು ಮಾಡಿದ್ದೆ. ಹುಡುಗ ಕಲಿತ. ಕುಣಿಯುತ್ತಾ ತಾಯಿಗೆ ಹೇಳಿದೆ. ಆಕೆ ಬೈಯಲಿಲ್ಲ, ಮೆಲ್ಲಗೆ ಕೇಳಿದರು: "ಸಂತೋಷ ಟೀಚರ್. ಅವನು ತಾನೇ ತೊಳ್ಕೊಳ್ಳೋದು ಯಾವಾಗ ಕಲೀತಾನೆ? ನಮ್ಮತ್ತೆ ಮನೇಲಿ ಮದುವೆ ಇದೆ, ಅವನನ್ನ ಕರ್ಕೊಂಡು ಹೋಗಕ್ಕಾಗಲ್ಲ, ನಾನೂ ಹೋಗಲ್ಲ." ಅವತ್ತಿನಿಂದ ನಾನು ಗುರಿ ಬರೆಯುವ ಮುಂಚೆ ಮನೆಯವರ ಜೊತೆ ಕೂರುತ್ತೇನೆ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಯಾವ ಹೊತ್ತು ಕಷ್ಟ ಎಂದು ಕೇಳುತ್ತೇನೆ. ಪ್ರತಿ ಮಗುವಿಗೂ ಬೇರೆಯಾಗಿ ಬರೆಯುವ ಯೋಜನೆಗೆ ಐಇಪಿ ಎನ್ನುತ್ತಾರೆ. ಅದರ ಮೊದಲ ಸಾಲು ಮನೆಯಿಂದ ಬರಬೇಕು. ಬಣ್ಣವನ್ನು ಆಮೇಲೆ ಹುಣಿಸೆ ಬೀಜ, ಬಾಟಲಿ ಮುಚ್ಚಳದಲ್ಲಿ ಕಲಿಸಿದರೂ ಆಯಿತು. ಆ ತಾಯಿ ಮದುವೆಗೆ ಹೋಗಲಿಲ್ಲ. ಮುಂದಿನ ವರ್ಷದ ಜಾತ್ರೆಗೆ ಮಗನನ್ನು ಕರೆದುಕೊಂಡು ಹೋದರು.

ಇನ್ನು ಸಂಬಳ. ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಖಾಸಗಿ ಸಂಸ್ಥೆಗಳು ನಡೆಸುವ ವಿಶೇಷ ಶಾಲೆಗಳಲ್ಲಿ ಸಂಬಳ ಕಡಿಮೆ. ಸರ್ಕಾರದ ಅನುದಾನದ ಮೇಲೆ ನಡೆಯುವ ಶಾಲೆಗಳಲ್ಲಿ ಅನುದಾನ ತಡವಾದರೆ ಸಂಬಳವೂ ತಡ. ಬೆಂಗಳೂರು, ಮೈಸೂರು, ಮಂಗಳೂರಿನ ದೊಡ್ಡ ಖಾಸಗಿ ಶಾಲೆಗಳು ಈಗ ವಿಶೇಷ ಶಿಕ್ಷಕರನ್ನು ಇಟ್ಟುಕೊಳ್ಳುತ್ತಿವೆ, ಅಲ್ಲಿ ಪರವಾಗಿಲ್ಲ. ತಂದೆತಾಯಿಯೇ ಸಂಬಳ ಕೊಟ್ಟು ಮಗುವಿನ ಪಕ್ಕ ತರಗತಿಯಲ್ಲಿ ಕೂರಿಸುವ ಶ್ಯಾಡೋ ಟೀಚರ್ ಕೆಲಸವೂ ಇದೆ. ಅದರಲ್ಲಿ ದುಡ್ಡು ಬರಬಹುದು, ಆದರೆ ಆ ಮಗು ಶಾಲೆ ಬಿಟ್ಟರೆ ಮರುದಿನ ನಿಮ್ಮ ಕೆಲಸವೂ ಇಲ್ಲ.

ಸರ್ಕಾರಿ ಶಾಲೆಗಳ ಕಡೆ ಸಮಗ್ರ ಶಿಕ್ಷಣ ಯೋಜನೆಯ ಅಡಿಯಲ್ಲಿ ಬ್ಲಾಕ್ ಮಟ್ಟದಲ್ಲಿ ಬಿಐಇಆರ್‌ಟಿಗಳು, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರು, ಇದ್ದಾರೆ. ಶಾಲೆಯಿಂದ ಶಾಲೆಗೆ ಹೋಗುತ್ತಾರೆ, ಶಾಲೆಗೆ ಬರಲಾಗದ ಮಕ್ಕಳಿಗೆ ಮನೆಯಲ್ಲೇ ಪಾಠದ ವ್ಯವಸ್ಥೆ ನೋಡುತ್ತಾರೆ. ಒಬ್ಬರ ಪಾಲಿಗೆ ಬರುವ ಶಾಲೆಗಳನ್ನು ಎಣಿಸಿದರೆ ಪಾಪ ಅನ್ನಿಸುತ್ತದೆ.

ಆದರೂ ನಾನು ಈಗ ನಿಮಗೆ ಈ ದಾರಿ ಬೇಡ ಅನ್ನದಿರಲು ಒಂದು ಕಾರಣ ಇದೆ. 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಾಮಾನ್ಯ ಶಾಲೆಗಳಿಗೂ ಕಾಯಂ ವಿಶೇಷ ಶಿಕ್ಷಕರು ಬೇಕು ಎಂದು ಹೇಳಿತು. ಆಮೇಲೆ ನಿಗದಿಯಾದ ಲೆಕ್ಕ ಹೀಗಿದೆ: ಒಂದರಿಂದ ಐದನೇ ತರಗತಿಗೆ ವಿಶೇಷ ಅಗತ್ಯದ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ತರಗತಿಗಳಿಗೆ 15 ಮಕ್ಕಳಿಗೆ ಒಬ್ಬರು. 2025ರ ಮಾರ್ಚ್‌ನಲ್ಲಿ ಅದೇ ಪ್ರಕರಣದಲ್ಲಿ, ಎಷ್ಟು ಹುದ್ದೆ ಬೇಕು ಎಂದು ಲೆಕ್ಕ ಹಾಕಿ ಮಂಜೂರು ಮಾಡಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿತು. ಕೋರ್ಟಿನ ಆದೇಶ ಊರಿನ ಶಾಲೆಯ ಹಾಜರಿ ಪುಸ್ತಕಕ್ಕೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅತಿಥಿ ಶಿಕ್ಷಕಿಯಾದ ನಿಮಗೆ ನಾನು ಹೇಳಬೇಕಾಗಿಲ್ಲ. ಆದರೆ ಹುದ್ದೆ ಕರೆದ ದಿನ ಸಿಆರ್‌ಆರ್ ನಂಬರ್ ಇದ್ದವರು ಮಾತ್ರ ಸಾಲಿನಲ್ಲಿ ನಿಲ್ಲಬಹುದು. ನಿಮ್ಮ ವಯಸ್ಸಿನಲ್ಲಿ ಎರಡು ವರ್ಷ ಅದಕ್ಕೆ ಹಾಕಿದರೆ ನಷ್ಟವಿಲ್ಲ. ಮನೆಯ ಖರ್ಚು ನಿಮ್ಮೊಬ್ಬರ ಮೇಲೇ ಇದ್ದರೆ ಮಾತ್ರ ಇನ್ನೊಮ್ಮೆ ಲೆಕ್ಕ ಹಾಕಿ. ತರಗತಿಗೆ ಹಾಜರಾತಿ ಕಡ್ಡಾಯ, ಪ್ರಾಕ್ಟಿಕಲ್ ಜಾಸ್ತಿ, ಕೆಲಸ ಮಾಡಿಕೊಂಡು ಓದುವುದು ಕಷ್ಟ.

ನಿಮ್ಮ ಬೆಂಚಿನ ಕೆಳಗಿನ ಹುಡುಗ ಎರಡು ವರ್ಷ ಕಾಯುವುದಿಲ್ಲ. ಅವನಿಗಾಗಿ ಈ ವಾರವೇ ಮಾಡಬಹುದಾದದ್ದು ಹೇಳುತ್ತೇನೆ. ಅವನಿಗೆ ಆಟಿಸಂ ಇದೆ ಎಂದು ನೀವು ಯಾರ ಹತ್ತಿರವೂ ಹೇಳಬೇಡಿ, ತಾಯಿಗಂತೂ ಬೇಡ. ನನಗೂ ಪತ್ರ ಓದಿ ಹೇಳಲು ಬರುವುದಿಲ್ಲ. ಮೊದಲು ಕಿವಿ ಪರೀಕ್ಷೆ ಆಗಲಿ. ಗಂಟೆಗೆ ಹೆದರುತ್ತಾನೆ ಅಂದ ಮಾತ್ರಕ್ಕೆ ಮಾತು ಕಲಿಯುವಷ್ಟು ಕೇಳಿಸುತ್ತಿದೆ ಎಂದು ಅರ್ಥವಲ್ಲ. ಅರಸೀಕೆರೆಯಿಂದ ಮೈಸೂರಿಗೆ ರೈಲಿದೆ, ಆಯಿಶ್‌ನಲ್ಲಿ ಕಿವಿಯ ಜೊತೆ ಮಾತನ್ನೂ ನೋಡುತ್ತಾರೆ. ಮುಖ್ಯ ಶಿಕ್ಷಕರಿಗೆ ಹೇಳಿ, ಬ್ಲಾಕ್ ಸಂಪನ್ಮೂಲ ಕೇಂದ್ರದ (ಬಿಆರ್‌ಸಿ) ಮೂಲಕ ಬಿಐಇಆರ್‌ಟಿಯನ್ನು ಶಾಲೆಗೆ ಕರೆಸಿ. ವೈದ್ಯರ ಪರೀಕ್ಷೆಯಲ್ಲಿ ತೊಂದರೆ ಇದೆ ಎಂದು ಬಂದರೆ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ತೊಂದರೆಗಳಿವೆ, ಆಟಿಸಂ ಕೂಡ ಇದೆ. ಅದೇ ಕಾಯ್ದೆಯ ಪ್ರಕಾರ 40% ಅಥವಾ ಹೆಚ್ಚು ತೊಂದರೆ ಇರುವ ಮಕ್ಕಳಿಗೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ.

ತರಗತಿಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿ. ಗಂಟೆ ಹೊಡೆಯುವ ಎರಡು ನಿಮಿಷ ಮುಂಚೆ ಅವನಿಗೆ ಗಂಟೆಯ ಚಿತ್ರ ತೋರಿಸಿ. ಒಂದು ವಾರ ಹೀಗೆ ಮಾಡಿ, ಆಮೇಲೆ ಗಂಟೆ ಹೊಡೆಯುವವರ ಜೊತೆ ಅವನನ್ನೇ ಕಳಿಸಿ, ಅವನು ಒಪ್ಪಿದರೆ ಮಾತ್ರ. ತಾನೇ ಹೊಡೆಯುವ ಸದ್ದು ಎಷ್ಟೋ ಮಕ್ಕಳಿಗೆ ಅಷ್ಟು ಹೆದರಿಕೆ ಹುಟ್ಟಿಸುವುದಿಲ್ಲ. ಆಗದಿದ್ದರೆ ಒತ್ತಾಯ ಬೇಡ, ಗಂಟೆಯಿಂದ ದೂರದ ಬೆಂಚಿಗೆ ಕೂರಿಸಿ. ಏನಾಯಿತು ಎಂದು ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೈಸೂರಿಗೆ ಹೋಗುವಾಗ ಅದನ್ನು ತಾಯಿಯ ಕೈಯಲ್ಲಿ ಕೊಡಿ. ಅಲ್ಲಿನವರಿಗೆ "ತುಂಬಾ ಹಟ ಮಾಡ್ತಾನೆ" ಎನ್ನುವ ಮಾತಿಗಿಂತ ಆ ನೋಟ್‌ಬುಕ್ಕಿನಿಂದ ಜಾಸ್ತಿ ಉಪಯೋಗ.

ಕೋರ್ಸಿಗೆ ಅರ್ಜಿ ಹಾಕುವ ಮುಂಚೆ ಇನ್ನೊಂದು ಕೆಲಸ. ದಸರಾ ರಜೆಯಲ್ಲಿ ವಿಶೇಷ ಶಾಲೆಗಳೂ ಬಾಗಿಲು ಹಾಕಿರುತ್ತವೆ, ಹಾಗಾಗಿ ಬೇರೆ ದಿನಗಳಲ್ಲಿ ಹತ್ತು ದಿನ ರಜೆ ಹೊಂದಿಸಿಕೊಳ್ಳಿ. ಹಾಸನದಲ್ಲೋ ತುಮಕೂರಿನಲ್ಲೋ ಒಂದು ವಿಶೇಷ ಶಾಲೆಗೆ ಹೋಗಿ, ಸುಮ್ನೆ ಸಹಾಯಕ್ಕೆ ಬರುತ್ತೇನೆ ಎಂದು ಕೇಳಿ. ಹೆಚ್ಚಿನವರು ಬೇಡ ಅನ್ನುವುದಿಲ್ಲ. ಬೆಳಿಗ್ಗೆಯ ಪ್ರಾರ್ಥನೆ ನೋಡಿಕೊಂಡು ವಾಪಸ್ ಬರಬೇಡಿ. ಮಧ್ಯಾಹ್ನದ ಊಟದ ಹೊತ್ತು, ಶೌಚಾಲಯದ ಹೊತ್ತು, ವ್ಯಾನ್ ತಡವಾದ ಸಂಜೆಯ ಹೊತ್ತು ಇರಿ. ಜೊಲ್ಲು ಒರೆಸಬೇಕಾಗುತ್ತದೆ. ಹದಿನಾಲ್ಕು ವರ್ಷದ ಹುಡುಗಿಗೆ ಪ್ಯಾಡ್ ಬದಲಿಸುವುದನ್ನು ಕಲಿಸುತ್ತಿರುತ್ತಾರೆ. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಮಗುವನ್ನು ಕುರ್ಚಿಯಿಂದ ಎತ್ತಿ ಇಳಿಸುವುದನ್ನು ನೋಡಿ, ಬೆನ್ನು ಬಗ್ಗಿಸದೆ ಮೊಣಕಾಲು ಮಡಚಿ ಎತ್ತುವ ಕ್ರಮ ಇದೆ, ಕೇಳಿ ಕಲಿತುಕೊಳ್ಳಿ. ಹನ್ನೊಂದನೇ ದಿನವೂ ಹೋಗಬೇಕು ಅನ್ನಿಸಿದರೆ ಅರ್ಜಿ ಹಾಕಿ. ಅನ್ನಿಸದಿದ್ದರೆ ಅದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ, ಎರಡು ವರ್ಷದ ಫೀಸು ಉಳಿಯಿತು.

ಹೋಗುವಾಗ ಗಾಜಿನ ಬಳೆ, ಜೋತಾಡುವ ಓಲೆ ಬೇಡ. ಮಕ್ಕಳು ಎಳೆಯುತ್ತಾರೆ, ನಿಮಗೂ ಗಾಯ, ಅವರಿಗೂ ಗಾಯ. ಕೂದಲು ಗಂಟು ಹಾಕಿ, ದುಪಟ್ಟಾಗೆ ಎರಡು ಕಡೆ ಪಿನ್ ಹಾಕಿಕೊಳ್ಳಿ. ಬದಲಿಸಲು ಒಂದು ಜೊತೆ ಬಟ್ಟೆ ಬ್ಯಾಗಿನಲ್ಲಿರಲಿ.